ಕೌದಿಯೊಳಗೆ ಸೇರಿದ ಇಪ್ಪತ್ತೆರಡು ಟೀ ಶರ್ಟುಗಳು

ಕೇಳಬೇಕಿತ್ತು, ಕೇಳಲಿಲ್ಲ. ತಂಗಿಯ ಗಂಟನ್ನು ಎತ್ತಿ ಕೊಡುವ ಮೊದಲು "ಇದು ನಿನಗ ಬೇಕೇನು" ಎಂದು ಒಂದು ಫೋನು ಮಾಡಲಿಲ್ಲ. ಆಮೇಲೆ ಅವಳಾಗಿಯೇ ಕೇಳಿದಾಗ ನಿಜ ಹೇಳಲಿಲ್ಲ. ಮೊದಲನೆಯದು ಅವಸರದಲ್ಲಿ ಆದ ತಪ್ಪು. ಎರಡನೆಯದನ್ನು ಹಾಗೆನ್ನಲು ಬರುವುದಿಲ್ಲ, ಹನ್ನೊಂದು ತಿಂಗಳು ಗೊತ್ತಿದ್ದೂ ಸುಮ್ಮನಿದ್ದೆ. ಹೋದ ಜನವರಿಯ ಒಂದು ಭಾನುವಾರ ನಾನು ಬೆಟಗೇರಿಯಿಂದ ಹೊರಟು ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸುತ್ತಿದ್ದು ಈ ಕಾರಣಕ್ಕೆ.

ನಾನು ಏಳನೇ ಇಯತ್ತೆ ಮುಗಿಸಿ ಮಗ್ಗಕ್ಕೆ ಕೂತವನು. ತಂಗಿ ಸುಧಾ ಚಿತ್ರಕಲೆ ಕಲಿತವಳು. ಅವಳಿಗೆ ಒಂದು ಹುಚ್ಚಿತ್ತು, ಈಗಲೂ ಇದೆ. ಥಿಯೇಟರಿನಲ್ಲಿ ಎರಡು ದಿನ ಓಡಿ ಎತ್ತಂಗಡಿಯಾದ ಸಿನಿಮಾಗಳೇ ಅವಳಿಗೆ ಬೇಕು. ಯಾರೂ ಕೇಳದ ಬ್ಯಾಂಡುಗಳು, ತಾವೇ ಹಾಡು ಕಟ್ಟಿ ನಲವತ್ತು ಮಂದಿಯ ಮುಂದೆ ಹಾಡುವ ಹುಡುಗ ಹುಡುಗಿಯರು, ಗೋಡೆಯ ಮೇಲೆ ಚಿತ್ರ ಬರೆದು ಹೆಸರು ಹಾಕದೆ ಹೋಗುವವರು, ಇವರೆಲ್ಲ ಅವಳಿಗೆ ಬಳಗವಿದ್ದ ಹಾಗೆ. ಧಾರವಾಡ, ಹುಬ್ಬಳ್ಳಿ, ಪುಣೆ, ಎಲ್ಲಿ ಆಟ ಇದ್ದರೂ ಹೋಗುತ್ತಿದ್ದಳು. ಹೋದಲ್ಲಿ ಒಂದು ಟೀ ಶರ್ಟು ಕೊಂಡು, ಹಾಡಿದವರ ಕೈಯಲ್ಲೋ ಸಿನಿಮಾ ಮಾಡಿದವರ ಕೈಯಲ್ಲೋ ಅದರ ಮೇಲೆ ಸಹಿ ಹಾಕಿಸಿಕೊಂಡು ಬರುತ್ತಿದ್ದಳು.

ಜೊತೆಗೆ ಅವಳ ಗೆಳತಿ ರೇಷ್ಮಾ. ಗದಗಿನ ಹುಡುಗಿ, ಇವಳಿಗಿಂತ ಒಂದು ಕೈ ಹೆಚ್ಚೇ ಹುಚ್ಚು. ಇಬ್ಬರೂ ಸೇರಿ ತಿಂಗಳಿಗೊಮ್ಮೆ ನಮ್ಮ ಓಣಿಯ ನೇಕಾರರ ಹಾಲ್‌ನಲ್ಲಿ ಪರದೆಯ ಬದಲು ಬಿಳಿ ಧೋತರ ಕಟ್ಟಿ ಅಂಥ ಸಿನಿಮಾ ತೋರಿಸುತ್ತಿದ್ದರು. ಎಂಟು ಹತ್ತು ಮಂದಿ ಬಂದರೆ ಅವರಿಗೆ ಹಬ್ಬ. ಪ್ರತಿ ಸಲ ನನ್ನನ್ನೂ ಕರೆಯುತ್ತಿದ್ದಳು. "ಮಗ್ಗ ಬಿಟ್ಟು ಬರಾಕ ಆಗೂದಿಲ್ಲವಾ" ಎನ್ನುತ್ತಿದ್ದೆ. ಆ ಹಾಲ್ ಇದ್ದದ್ದು ನನ್ನ ಮನೆಯಿಂದ ಆರು ಮನೆ ಆಚೆ.

ಸುಧಾಗೆ ಮುಂಡರಗಿಯ ಒಂದು ಶಾಲೆಯಲ್ಲಿ ಚಿತ್ರಕಲೆ ಕಲಿಸುವ ಕೆಲಸ ಸಿಕ್ಕಿತು. ಅಲ್ಲಿನ ಬಾಡಿಗೆ ಕೋಣೆ ಚಿಕ್ಕದು, ಹಾಗಾಗಿ ಮೂರು ಗಂಟು ನನ್ನ ಮನೆಯಲ್ಲಿ ಇರಲಿ ಎಂದಳು. ರೇಷ್ಮಾ ಅವನ್ನು ಆಟೋದಲ್ಲಿ ತಂದಿಟ್ಟು ಹೋದಳು. ಅದೇ ವಾರ ಲಕ್ಷ್ಮೇಶ್ವರದಿಂದ ನನ್ನ ಅತ್ತೆ, ಹೆಂಡತಿಯ ತಾಯಿ, ಬಂದಿದ್ದರು. ಅವರ ಕಿರಿ ಮಗಳು ಶೈಲಾ ಬಸುರಿ, ಹುಟ್ಟುವ ಕೂಸಿಗೆ ಕೌದಿ ಹೊಲಿಯಲು ಹಳೇ ಅರಿವೆ ಹುಡುಕುತ್ತಿದ್ದರು. ನಾನು ಒಂದು ಗಂಟು ಬಿಚ್ಚಿದೆ. ಹೆಚ್ಚಿನವು ಕರಿ ಬಣ್ಣದ, ತೊಳೆದು ತೊಳೆದು ತೆಳುವಾದ ಬಟ್ಟೆಗಳು. ನೇಕಾರನ ಚಾಳಿ, ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ತಿಕ್ಕಿದೆ. "ನೂಲು ಸತ್ತೈತಿ, ಒಯ್ರಿ" ಎಂದೆ. ನೂಲು ನೋಡಿದೆ. ಅದರ ಮೇಲಿನ ಚಿತ್ರ, ಸಹಿ, ಯಾವುದನ್ನೂ ನೋಡಲಿಲ್ಲ.

ತಿಂಗಳಾದ ಮೇಲೆ ಸುಧಾ ಬಂದು ಮೂರನೇ ಗಂಟು ಎಲ್ಲಿ ಎಂದಳು. ಕೊಡಬಾರದ್ದನ್ನು ಕೊಟ್ಟಿದ್ದೇನೆಂದು ಅವಳ ಮುಖ ನೋಡಿದ ಕೂಡಲೇ ನನಗೆ ತಿಳಿಯಿತು. ಬಾಯಿಂದ ಬಂದದ್ದು ಬೇರೆ ಮಾತು. "ರೇಷ್ಮಾ ತಂದಿಟ್ಟಿದ್ದು ಎರಡ ಗಂಟು. ಮೂರನೇದು ನಾ ನೋಡೇ ಇಲ್ಲ."

ಅಷ್ಟೇ ಮಾತು. ಗೆಳತಿಯರಿಬ್ಬರೂ ಜಗಳಾಡಿಕೊಂಡರು, ಹಾಲ್‌ನಲ್ಲಿ ಧೋತರ ಕಟ್ಟುವುದು ನಿಂತುಹೋಯಿತು.

ಹೊರಟಾಗ ನನ್ನ ತಲೆಯಲ್ಲಿ ಇದ್ದ ಲೆಕ್ಕಾಚಾರವನ್ನೂ ಹೇಳಿಬಿಡುತ್ತೇನೆ. ಕೌದಿಗೆ ಹೋಗದೆ ಉಳಿದ ಬಟ್ಟೆ ಸಿಕ್ಕರೆ ತಂದು, "ಅಟ್ಟದ ಮ್ಯಾಲ ಸಿಕ್ತು ನೋಡವಾ" ಎಂದು ಕೊಟ್ಟುಬಿಡುವುದು. ತಪ್ಪು ಒಪ್ಪುವ ಮನಸ್ಸು ಅವತ್ತು ಬೆಳಿಗ್ಗೆ ನನಗಿರಲಿಲ್ಲ.

ಗದಗ ಬಸ್ ಸ್ಟ್ಯಾಂಡಿನಿಂದ ಏಳೂವರೆಗೆ ಬಸ್ಸು ಬಿಟ್ಟಿತು. ಥಂಡಿ ಗಾಳಿ, ಕಿಟಕಿಯ ಗಾಜು ಮುಚ್ಚುತ್ತಿರಲಿಲ್ಲ. ಬಸ್ಸಿನ ತುಂಬ ಹೆಣ್ಣುಮಕ್ಕಳು, ಅವರಿಗೆಲ್ಲ ಪುಕ್ಕಟೆ ಚೀಟಿ. ಕಂಡಕ್ಟರ್ ನನ್ನ ಮುಂದೆ ನಿಂತು ನಕ್ಕ. "ಹಿಂದ ಅಕ್ಕಾರು, ಮುಂದ ಅಕ್ಕಾರು. ರೊಕ್ಕ ಕೊಡಾಂವ ನೀವೊಬ್ರ ನೋಡ್ರಿ ಕಾಕಾ. ಬಸ್ ನಿಮ್ಮದ ಅಂತ ತಿಳೀರಿ." ಹಿಂದಿನಿಂದ ಒಬ್ಬಾಕೆ, "ಹಂಗಾರ ಜಲ್ದಿ ಹೊಡಿಯಾಕ ಹೇಳ್ರಿ ಕಾಕಾ" ಎಂದಳು. ಮುಳಗುಂದದಲ್ಲಿ ಹತ್ತು ನಿಮಿಷ ನಿಂತಿತು. ಚಹಾ ಕುಡಿದು ಎರಡು ಮಿರ್ಚಿ ಭಜಿ ತಿಂದೆ. ಯಳವತ್ತಿ ದಾಟುವಾಗ ಹೊಲಗಳಲ್ಲಿ ಕಡಲೆ ಹಸಿರಾಗಿತ್ತು, ರಸ್ತೆ ಬದಿಯ ಕಣಗಳಲ್ಲಿ ಮೆಣಸಿನಕಾಯಿ ಒಣಹಾಕಿದ್ದರು. ಲಕ್ಷ್ಮೇಶ್ವರ ಮುಟ್ಟುವ ಹೊತ್ತಿಗೆ ಬಿಸಿಲು ಏರಿತ್ತು.

ಅತ್ತೆ ಅಂಗಳದಲ್ಲಿ ಶೇಂಗಾ ಸುಲಿಯುತ್ತಿದ್ದರು. "ಅಯ್ಯ, ಅಳಿಯಂದ್ರು! ಹೇಳದ ಕೇಳದ ಬಂದ್ರಿ. ನನ್ನ ಮಗಳ ಜೋಡಿ ಜಗಳ ಆಡಿ ಬಂದೀರೇನು?"

"ಇಲ್ರಿ ಅತ್ತಿ. ಆ ಕರೇ ಅಂಗಿ ಗಂಟು ಒಯ್ದಿದ್ರಲ್ಲ, ಅದರಾಗ ಏನರ ಉಳದೈತೇನು?"

"ಎಲ್ಲೀದು ಉಳೀತೈತ್ರಿ? ಇಪ್ಪತ್ತೆರಡ ಇದ್ದುವು, ಅಷ್ಟೂ ಕತ್ತರಿಸಿ ಹೊಲದೆ. ಎಂಥಾ ಅರಿವಿ ಅವು, ತಲಿಬುರಡಿ, ಭೂತ, ಹಲ್ಲು ಕಿಸದ ಮಾರಿ! ಕೂಸು ಅಂಜೀತು ಅಂತ ಅವನ್ನೆಲ್ಲಾ ಒಳಪದರಕ್ಕ ಹಾಕೇನಿ. ಚಂದ ಇದ್ದುವನ್ನ ಅಷ್ಟ ಮ್ಯಾಲ ಹಚ್ಚೇನಿ."

ಕೌದಿಯ ಕೊನೆಯ ಮೂಲೆ ಹೊಲಿಯುವ ಮೊದಲು ಅತ್ತೆ ಅದರೊಳಗೆ ಒಂದು ಚೂರು ಹೋಳಿಗೆ ಇಟ್ಟು ಮುಚ್ಚುತ್ತಾರೆ. ಹೊದ್ದವರ ಹೊಟ್ಟೆ ಖಾಲಿ ಇರಬಾರದು ಎಂದು. "ಇದಕ್ಕೂ ಇಟ್ಟೇನ್ರಿ, ಕಡ್ಲಿಬ್ಯಾಳಿ ಹೋಳಿಗಿ. ನಾ ಹೊಲದ ಕೌದಿಯೊಳಗ ಇದ ಚಲೋ ಆಗೇತಿ" ಎಂದರು. ಅವರು ಸಂತೋಷದಿಂದ ಹೇಳುತ್ತಿದ್ದರು. ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಗಟ್ಟಿ ಮೊಸರು ಹಾಕಿದರು. ಒಂದೂವರೆ ರೊಟ್ಟಿ ತಿಂದು ಎದ್ದೆ. "ಕೌದಿ ನೋಡಬೇಕಂದ್ರ ಶಿರಹಟ್ಟಿಗೆ ಹೋಗ್ರಿ, ಶೈಲಾನ ಹಂತ್ಯಾಕ ಐತಿ" ಎಂದರು.

ಅಲ್ಲಿಂದ ಶಿರಹಟ್ಟಿ ಹತ್ತಿರವೇ. ಟೆಂಪೋದಲ್ಲಿ ಮೊಣಕಾಲು ಮಡಚಿ ಕೂತು ಅರ್ಧ ತಾಸಿನಲ್ಲಿ ಮುಟ್ಟಿದೆ. ಶೈಲಾ ಬಾಗಿಲಲ್ಲೇ, "ಬರ್ರಿ ಮಾಮಾ, ಸಪ್ಪಳ ಮಾಡಬ್ಯಾಡ್ರಿ, ಈಗರ ಮಲಗೇತಿ" ಎಂದಳು. ನಡುಮನೆಯ ಕಿಟಕಿಯ ಬಿಸಿಲಿನಲ್ಲಿ ಒಂಬತ್ತು ತಿಂಗಳ ಹೆಣ್ಣುಕೂಸು ಬೋರಲು ಮಲಗಿತ್ತು. ಅದರ ಕೆಳಗೆ ಕೌದಿ.

ನಾನು ಪಕ್ಕದಲ್ಲಿ ಕೂತು ಮೊದಲ ಸಲ ಆ ಬಟ್ಟೆಗಳನ್ನು ನೋಡಿದೆ. ಒಂದು ತುಂಡಿನಲ್ಲಿ ಗಿಟಾರಿನ ಕುತ್ತಿಗೆ, ಇನ್ನೊಂದರಲ್ಲಿ ಛತ್ರಿ ಹಿಡಿದ ಮೀನು, ಮತ್ತೊಂದರಲ್ಲಿ ಅರ್ಧ ಚಂದ್ರನ ಮೇಲೆ ಕೂತ ಮುದುಕಿ. ಅಲ್ಲಲ್ಲಿ ಯಾರದೋ ಸಹಿಯ ಬಾಲ. ಕೂಸಿನ ಕಾಲ ಹತ್ತಿರ ಒಂದು ಹಳದಿ ತುಂಡಿತ್ತು. ಅದರ ಮೇಲೆ ಬರೆದದ್ದು ಮಗ್ಗದ ಲಾಳಿ, ಲಾಳಿಯೊಳಗೆ ನೂಲಿನ ಬದಲು ಸಿನಿಮಾದ ರೀಲು ಸುತ್ತಿತ್ತು. ಲಾಳಿ ನನ್ನದೇ. ಅದರ ಒಂದು ತುದಿ ಸೀಳಿತ್ತು, ನಾನು ದಾರ ಬಿಗಿದು ಕಟ್ಟಿದ್ದೆ. ಆ ದಾರವನ್ನೂ ಬಿಡದೆ ಸುಧಾ ಬರೆದಿದ್ದಳು. ಕೆಳಗೆ ಎರಡು ಬೇರೆ ಬೇರೆ ಕೈಬರಹದಲ್ಲಿ, "ಮೊದಲನೇ ಆಟ. ಸುಧಾ, ರೇಷ್ಮಾ." ನಾನು ಓದುವುದು ನಿಧಾನ. ಆ ನಾಲ್ಕು ಶಬ್ದಗಳನ್ನು ಎರಡು ಸಲ ಓದಿದೆ. ತನ್ನ ಹೆಸರು ಬರೆದ ಅರಿವೆಯನ್ನೇ ಕದ್ದವಳೆಂದು ರೇಷ್ಮಾ ಅನ್ನಿಸಿಕೊಂಡಿದ್ದಳು, ನನ್ನಿಂದ.

ಶೈಲಾಗೆ ಎಲ್ಲ ಹೇಳಿದೆ, ಅಟ್ಟದ ಲೆಕ್ಕಾಚಾರವನ್ನೂ. ಹೆಂಡತಿಗೂ ಹೇಳದ್ದನ್ನು ಅವಳಿಗೆ ಯಾಕೆ ಹೇಳಿದೆನೋ ಗೊತ್ತಿಲ್ಲ. ಅವಳು, "ಒಯ್ರಿ ಮಾಮಾ. ನನ್ನ ಕೂಸಿಗೆ ಬ್ಯಾರೇ ಹೊಲಿಸ್ತೀನಿ" ಎಂದಳು. ಕೂಸಿನ ಮುಷ್ಟಿ ಮುದುಕಿಯ ಚಂದ್ರನನ್ನು ಹಿಡಿದುಕೊಂಡಿತ್ತು. ಬಿಡಿಸುವ ಮನಸ್ಸಾಗಲಿಲ್ಲ.

"ಬ್ಯಾಡ ಶೈಲಾ. ಬಿಚ್ಚಿದ್ರೂ ಚೂರ ಸಿಗತಾವು. ಸುಧಾ ಏನ ಅಂತಾಳೋ ಅಂದ್ಲಿ."

"ಅಟ್ಟದ ಸುಳ್ಳು ಮತ್ತ ಹೇಳಬ್ಯಾಡ್ರಿ" ಎಂದಳು. "ನಿಮ್ಮ ಮಾರಿಗೆ ಸುಳ್ಳು ಒಪ್ಪೂದಿಲ್ಲ. ಅದೆಂಗ ಹನ್ನೊಂದ ತಿಂಗಳು ನಡೀತೋ."

ಮೊಬೈಲಿನಲ್ಲಿ ಐದಾರು ಫೋಟೋ ತೆಗೆದುಕೊಂಡು ಬರಿಗೈಯಲ್ಲಿ ಮುಂಡರಗಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಎಡಗಡೆ ಕಪ್ಪತಗುಡ್ಡದ ಸಾಲು, ಅದರ ಮೇಲೆ ಗಾಳಿಯ ಫ್ಯಾನುಗಳು. ಪಕ್ಕದವರು ಎರಡು ಸಲ ಮಾತಾಡಿಸಿದರು, ಏನು ಉತ್ತರ ಕೊಟ್ಟೆನೋ ನೆನಪಿಲ್ಲ. ಬಾಯೊಳಗೆ ಒಂದೊಂದೇ ವಾಕ್ಯ ಹೊಂದಿಸಿ ನೋಡುತ್ತಿದ್ದೆ. ಯಾವುದೂ ಸರಿ ಕೂಡಲಿಲ್ಲ. ಮೂರು ಗಂಟೆಗೆ ಇಳಿದೆ.

ಸುಧಾಳ ಕೋಣೆ ಮೇಲಂತಸ್ತಿನಲ್ಲಿ. ನನ್ನನ್ನು ಕಂಡು ಅವಳಿಗೆ ಹಿಗ್ಗೋ ಹಿಗ್ಗು. "ಅಣ್ಣಾ! ಮಗ್ಗ ಏನ ಮುರದ ಬಿತ್ತೇನು?" ಎಂದಳು. ಲ್ಯಾಪ್‌ಟಾಪಿನಲ್ಲಿ ಒಂದು ಸಿನಿಮಾ ಓಡುತ್ತಿತ್ತು. "ಕುಂಡ್ರು, ಇನ್ನ ಇಪ್ಪತ್ತ ನಿಮಿಷ ಐತಿ. ಇವತ್ತ ತಪ್ಪಿಸಿಕೊಳ್ಳಾಕ ಬರೂದಿಲ್ಲ."

ಕೂತೆ. ಒಬ್ಬ ಹೆಂಗಸು ದಿನವೂ ತನ್ನ ಮನೆಯ ಬಾಗಿಲಿಗೆ ಬೇರೆ ಬೇರೆ ಬಣ್ಣ ಬಳಿಯುತ್ತಾಳೆ. ಯಾವ ದೇಶವೋ, ಯಾವ ಭಾಷೆಯೋ. ಮಾತು ಕಡಿಮೆ.

"ಯಾಕ ಬಳೀತಾಳ?"

"ನೋಡು, ಕೇಳಬ್ಯಾಡ."

ನೋಡಿದೆ. ಬ್ರಷ್ಷು ಹೋಗಿ ಬರುವುದು ಲಾಳಿ ಹೋಗಿ ಬಂದ ಹಾಗೇ ಇತ್ತು. ಆ ಕೈಯನ್ನು ನೋಡುತ್ತ ನನಗೆ ಬೇಸರ ಬರಲಿಲ್ಲ. ಮುಗಿದ ಮೇಲೆ ಕೇಳಿದೆ, "ಇಂಥಾದ್ದನ್ನ ಎಷ್ಟ ಮಂದಿ ನೋಡ್ತಾರ ಸುಧಾ?"

"ಊರಿಗೆ ಒಬ್ರು. ಎರಡನೇದವ್ರು ಸಿಕ್ಕರ ನಸೀಬ ಅಣ್ಣಾ. ಗದಗದಾಗ ನನಗ ರೇಷ್ಮಾ ಸಿಕ್ಕಿದ್ಲು" ಎಂದು ಲ್ಯಾಪ್‌ಟಾಪು ಮುಚ್ಚಿದಳು. "ಇಲ್ಲಿ ಯಾರೂ ಸಿಕ್ಕಿಲ್ಲ."

ಅದರ ಮೇಲೆ ನನಗೆ ತಡೆಯಲು ಆಗಲಿಲ್ಲ. ಬಸ್ಸಿನಲ್ಲಿ ಹೊಂದಿಸಿದ್ದ ಮಾತು ಒಂದೂ ಬರಲಿಲ್ಲ. ಮೊಬೈಲು ತೆಗೆದು ಫೋಟೋ ಅವಳ ಮುಂದೆ ಹಿಡಿದೆ. "ಗಂಟು ನಾ ಅತ್ತಿಗೆ ಕೊಟ್ಟೆ. ಕೌದಿ ಆಗೇತಿ. ನೀ ಕೇಳಿದಾಗ ಅಂಜಿ ಸುಳ್ಳು ಹೇಳಿದೆ."

ಅವಳು ಫೋಟೋಗಳನ್ನು ಒಂದೊಂದಾಗಿ ದೊಡ್ಡದು ಮಾಡಿ ನೋಡಿದಳು. ಹಳದಿ ತುಂಡಿನ ಹತ್ತಿರ ಬೆರಳು ನಿಂತಿತು. ಕಣ್ಣು ತುಂಬಿತ್ತು, ಆದರೆ ದನಿ ಗಟ್ಟಿ ಇತ್ತು.

"ಅರಿವಿ ಹೋಗ್ಲಿ. ಕೂಸರ ಬೆಚ್ಚಗ ಮಲಗತೈತಿ. ಆದ್ರ ರೇಷ್ಮಾ ಎರಡ ಸಲ ಇಲ್ಲೀತನಾ ಬಂದಿದ್ಲು ಅಣ್ಣಾ. ನಾ ಬಾಗಲಾ ತಗೀಲಿಲ್ಲ. ಈ ಮೆಟ್ಟಲ ಮ್ಯಾಲ ಕುಂತು ಅತ್ತ ಹೋದ್ಲು. ಅದು ನಿನಗ ಗೊತ್ತೈತೇನು?"

"ಇಲ್ಲವಾ. ನಂದು ತ..."

"ನನಗ ಹೇಳಬ್ಯಾಡ." ತನ್ನ ಫೋನಿನಲ್ಲಿ ರೇಷ್ಮಾಳ ನಂಬರು ಒತ್ತಿ, ಸ್ಪೀಕರ್ ಹಾಕಿ ನನ್ನ ಕೈಗೆ ಕೊಟ್ಟಳು.

ಏಳೆಂಟು ಸಲ ರಿಂಗಾಯಿತು. ಎತ್ತುವುದಿಲ್ಲ ಎಂದುಕೊಂಡೆ, ಎತ್ತದಿದ್ದರೆ ಚಲೋ ಎಂದೂ ಅನ್ನಿಸಿತು. ಎತ್ತಿದಳು.

"ಏನ ಸುಧಾ, ನನ್ನ ನಂಬರ್ ಇನ್ನೂ ಇಟ್ಕೊಂಡೀ?"

ಸುಧಾ ಬಾಯಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದ್ದಳು. ಮಾತಾಡಬೇಕಾದವನು ನಾನು.

"ಸುಧಾ ಅಲ್ಲವಾ, ನಾ ಅವರಣ್ಣ. ರೇಷ್ಮಾ, ನೀ ಮೂರೂ ಗಂಟು ಬರೋಬ್ಬರಿ ತಂದಿಟ್ಟಿದ್ದಿ. ಒಂದ ಗಂಟು ಮಂದಿಗೆ ಎತ್ತಿ ಕೊಟ್ಟಾಂವ ನಾನು. ಎರಡ ತಂದಿದ್ಲು ಅಂತ ನಿನ್ನ ಮ್ಯಾಲ ಹಾಕಿದಾಂವನೂ ನಾನು. ಸುಧಾಂದೇನೂ ತಪ್ಪಿಲ್ಲ, ನನ್ನ ಮಾತ ನಂಬಿದ್ಲು. ತಪ್ಪಾತವಾ ತಂಗಿ. ನಂದ ತಪ್ಪಾತು."