ಬ್ಯಾಗಿಗೆ ಎಂತ ಸೂತಕ?

ಕಪ್ಪು ಬ್ಯಾಗನ್ನು ಬಲ ಭುಜಕ್ಕೆ ಹಾಕಿದ್ದೇ ತಡ, ಅಲ್ಲಿ ಸೆರಗಿಗೆ ಚುಚ್ಚಿದ್ದ ಪಿನ್ನು ಕಿತ್ತು ಬಂತು. ಅಮ್ಮತ್ತಿಯ ಬ್ಯಾಗಿನ ಅಂಗಡಿಯಲ್ಲಿ ಪಕ್ಕದಲ್ಲೇ ನಿಂತಿದ್ದ ಹಿರಿಯ ಹೆಂಗಸೊಬ್ಬರು ನಕ್ಕುಬಿಟ್ಟರು. ಅವರೂ ನನ್ನ ಹಾಗೆ ಕೊಡಗಿನ ಸೀರೆ ಉಟ್ಟಿದ್ದರು. ನೆರಿಗೆ ಹಿಂದಕ್ಕೆ, ಸೆರಗು ಬಲ ಭುಜಕ್ಕೆ.

“ನಮ್ಮ ಸೀರೆಗೆ ಬ್ಯಾಗು ಎಡಕ್ಕೇ ಹಾಕಬೇಕು ಮಾರಾಯ್ತಿ. ಮೊದಲ ಸಲವಾ?” ಎನ್ನುತ್ತಾ ಪಿನ್ನು ಸರಿಮಾಡಿದರು.

ಹೌದು ಎಂದೆ. ಪೇಟೆಗೆ ಬಂದಾಗಲೆಲ್ಲ ಬೀಗದ ಕೈ, ದುಡ್ಡು, ನನ್ನ ಮಾತ್ರೆ ಎಲ್ಲವೂ ನಮ್ಮವರ ಜೇಬಿನಲ್ಲೇ ಇರುತ್ತಿದ್ದವು. ಅವರು ತೀರಿಕೊಂಡ ಮೇಲೆ ನಾನು ಒಬ್ಬಳೇ ಹೊರಟದ್ದು ಅಂದೇ ಮೊದಲು. ನಮ್ಮವರು ತೀರಿಕೊಂಡಿದ್ದಾರೆ, ಅದಕ್ಕೇ ಕಪ್ಪು ಬಣ್ಣದ್ದು ಸಾಕು ಎಂದೆ.

“ಬ್ಯಾಗಿಗೆ ಎಂತ ಸೂತಕ? ನಮ್ಮವರು ಹೋದಾಗ ನಾನೂ ಹೀಗೇ ಹೇಳಿದ್ದೆ” ಎಂದರು. ತಮ್ಮ ಕೊಡೆ, ನೀರಿನ ಬಾಟಲಿ, ಕೊಂಡಿದ್ದ ತರಕಾರಿ ಎಲ್ಲವನ್ನೂ ಅಂಗಡಿಯ ಹಸಿರು ಬ್ಯಾಗೊಂದಕ್ಕೆ ತುಂಬಿ ನನ್ನ ಎಡ ಭುಜಕ್ಕೆ ಹಾಕಿದರು. “ಬಾಗಿಲವರೆಗೆ ನಡೆದು ಬಾ. ಭುಜ ನೋಯ್ತದಾ ನೋಡು. ಆಮೇಲೆ ಕನ್ನಡಿ ನೋಡು.”

ಅಷ್ಟು ಭಾರವಿದ್ದರೂ ಪಟ್ಟಿ ಅಗಲವಿದ್ದುದರಿಂದ ನೋಯಲಿಲ್ಲ. ಎಷ್ಟೋ ತಿಂಗಳ ಮೇಲೆ ಕನ್ನಡಿಯಲ್ಲಿ ನನ್ನನ್ನೇ ಸರಿಯಾಗಿ ನೋಡಿಕೊಂಡೆ. ಹಸಿರು ಒಪ್ಪುತ್ತಿತ್ತು. ಅವರು ತಮ್ಮ ಸಾಮಾನು ತೆಗೆದುಕೊಂಡು ಬಸ್ಸಿಗೆ ಓಡಿದರು. ಹೆಸರು ಕೇಳಲೂ ಆಗಲಿಲ್ಲ.

ಈಗ ಅಂದು ಕೊಂಡ ಆ ಹಸಿರು ಬ್ಯಾಗು ಹಾಕಿಕೊಂಡು ಪೇಟೆಗೆ ಒಬ್ಬಳೇ ಹೋಗುತ್ತೇನೆ. ಯಾರಾದರೂ “ಬ್ಯಾಗು ಚಂದ ಇದೆ, ಎಲ್ಲಿ ತಗೊಂಡ್ರಿ?” ಎಂದು ಕೇಳಿದರೆ ಅಂಗಡಿ ಯಾವುದೆಂದು ಹೇಳುತ್ತೇನೆ. ಮಾತು ಮುಂದುವರಿದರೆ ನಮ್ಮವರ ವಿಷಯವನ್ನೂ ಹೇಳುತ್ತೇನೆ, ಅಳದೆ.