ಹನುಮಂತಜ್ಜನ ಹೆಬ್ಬೆಟ್ಟು

ಗೆಳೆಯರೇ, ಪೆಥಿಡಿನ್ ಇಂಜೆಕ್ಷನ್ ಮೇಲೆ ಹೊಸ ಕಾಯ್ದೆ ಬಂದಾಗಿನಿಂದ ಬ್ರೂಸ್‌ಪೇಟೆಯ ನಮ್ಮ ಔಷಧಿ ಅಂಗಡಿಯಲ್ಲಿ ನನಗೆ ರಿಜಿಸ್ಟರ್ ಬರೆಯುವುದೇ ಕೆಲಸ. ಆ ನೋವಿನ ಮದ್ದು ಒಯ್ಯುವವರೆಲ್ಲ ಸಹಿ ಹಾಕಬೇಕು, ಇಲ್ಲವೇ ಹೆಬ್ಬೆಟ್ಟು ಒತ್ತಬೇಕು.

ಕ್ಯಾನ್ಸರ್ ಆದ ಹೆಂಡತಿಗೆಂದು ಅದನ್ನು ಒಯ್ಯುತ್ತಿದ್ದ ಕುರುಗೋಡಿನ ಹನುಮಂತಜ್ಜ ಇವತ್ತು ಬಂದ. ಟವೆಲಿನ ಗಂಟು ಬಿಚ್ಚಿ ಎರಡು ಇಂಜೆಕ್ಷನ್ ಮುಂದಿಟ್ಟ.

“ಇವು ಉಳದಾವ್ರಿ. ನನ್ನ ಹೆಬ್ಬೆಟ್ಟು ಹೊಡದ್ ಹಾಕ್ರಿ.”

“ಕೊಟ್ಟಿದ್ದು ವಾಪಸ್ ತಗೊಳ್ಳಾಕ ಬರಂಗಿಲ್ಲ ಅಜ್ಜಾ, ಕಾಯ್ದೆ ಐತಿ!” ಎಂದು ರೇಗಿದೆ.

“ಅಕಿ ಮೊನ್ನಿ ಹೋದ್ಲುರಿ. ‘ಉಳದದ್ದು ಕೊಟ್ಟು ಬಾ, ನನ್ನಂಗ ಒದ್ದಾಡೋರು ಯಾರರ ಇರ್ತಾರ’ ಅಂದಿದ್ಲು.”

ಅವನ್ನು ಬೇರೆ ಯಾರಿಗೂ ಕೊಡುವಂತಿಲ್ಲ, ಒಡೆದು ಚೆಲ್ಲಬೇಕು. ಅದನ್ನು ಅಜ್ಜನಿಗೆ ಹೇಳಲಿಲ್ಲ. ಎರಡನ್ನೂ ತೆಗೆದುಕೊಂಡು, ರಿಜಿಸ್ಟರ್ ತೆರೆದು ಅವನ ಹೆಬ್ಬೆಟ್ಟಿನ ಮೇಲೆ ಕೆಂಪು ಗೀಟು ಎಳೆದೆ. ಅಜ್ಜ ಬಗ್ಗಿ ನೋಡಿದ.

“ಈಗ ಹಗೂರ ಆತ್ರಿ,” ಎಂದು ಬಸ್ಸಿಗೆ ಹೋದ.

ಆ ರಿಜಿಸ್ಟರಿನಲ್ಲಿ ಗೀಟು ಎಳೆಯುವುದೂ ತಪ್ಪಂತೆ. ಡ್ರಗ್ ಇನ್ಸ್‌ಪೆಕ್ಟರ್ ಬಂದು ಕೇಳಲಿ, ತಪ್ಪಾಯಿತೆಂದು ನಾನೇ ಹೆಬ್ಬೆಟ್ಟು ಒತ್ತುತ್ತೇನೆ.