ಅಕ್ಕ ಮುಗಿಸಿದ ಒಂದೇ ಕೌದಿ

ಒಳ್ಳೆಯ ಬಟ್ಟೆಯನ್ನು ಅಂಗಡಿಯಿಂದ ತಂದು, ಚೂರು ಚೂರು ಮಾಡಿ, ಆ ಚೂರುಗಳನ್ನೇ ಮತ್ತೆ ಸೇರಿಸಿ ಹೊಲಿದು, ಮೊದಲಿಗಿಂತ ಸ್ವಲ್ಪ ಚಿಕ್ಕ ಬಟ್ಟೆ ಮಾಡುವುದಕ್ಕೆ ಹವ್ಯಾಸ ಎಂದು ಹೆಸರು. ನನ್ನ ಅಕ್ಕನಿಗೆ ಇದು ಅಂಟಿಕೊಂಡು ಹತ್ತಿರ ಹತ್ತಿರ ಮೂವತ್ತು ವರ್ಷವಾಯಿತು. ಬೇರೆ ಮನೆಯಲ್ಲಾಗಿದ್ದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದರು. ನಮ್ಮಲ್ಲಿ ಅವಳಿಗೆ ನನ್ನ ಕೋಣೆ ಕೊಟ್ಟರು.

ಕೊಟ್ಟರು ಅನ್ನುವುದೂ ದೊಡ್ಡ ಮಾತು. ಮದುವೆಯ ಗೊಡವೆಗೆ ಹೋಗದ ನಾನು ಅಕ್ಕ-ಭಾವನ ಮನೆಯ ಹಿಂದಿನ ಕೋಣೆಯಲ್ಲಿ ತಣ್ಣಗಿದ್ದೆ. ಮೊದಲು ಒಂದು ಹೊಲಿಗೆ ಯಂತ್ರ "ಎರಡು ದಿನಕ್ಕೆ" ಎಂದು ಒಳಗೆ ಬಂತು. ಅದರ ಹಿಂದೆಯೇ ಇಸ್ತ್ರಿ ಮೇಜು, ಬಟ್ಟೆ ಕತ್ತರಿಸುವ ಹಲಗೆ, ಆಮೇಲೆ ಬಟ್ಟೆಯ ಕಟ್ಟುಗಳು. ಒಂದು ಸಂಜೆ ಬಸ್ ಡಿಪೋ ಕಚೇರಿಯ ಕೆಲಸ ಮುಗಿಸಿ ಬಂದು ನೋಡಿದರೆ ನನ್ನ ಮಂಚ ಹಜಾರದಲ್ಲಿ! "ಅಲ್ಲಿ ಗಾಳಿ ಚೆನ್ನಾಗಿ ಬರುತ್ತೆ ಕಣೇ," ಎಂದಳು ಅಕ್ಕ. ನನಗೆ ಮೈಯೆಲ್ಲ ಉರಿಯಿತು. ಈಗಲೂ ನೆನೆದರೆ ಉರಿಯುತ್ತದೆ.

ಭಾವ ಕನ್ನಡಕದ ಅಂಗಡಿಯವರು, ಊರಿಗೆಲ್ಲ ಕಣ್ಣು ಕಾಣುವಂತೆ ಮಾಡುವವರು. ಮನೆಯಲ್ಲಿ ಮಾತ್ರ ಅವರಿಗೆ ಏನೂ ಕಾಣುವುದಿಲ್ಲ. ಕುರ್ಚಿಯಲ್ಲಿ ಕೂರುವ ಮುಂಚೆ ಅಂಗೈಯಿಂದ ಒಮ್ಮೆ ಸವರಿ ನೋಡುತ್ತಾರೆ, ಗುಂಡುಪಿನ್ನಿನ ಭಯ. ಎಂದಾದರೊಂದು ದಿನ ಧೈರ್ಯ ಮಾಡಿ ಒಂದು ಕಟ್ಟಿನ ಕಡೆ ಬೆರಳು ತೋರಿಸಿ, "ಇದು ಹೊಸದಾ?" ಎಂದು ಕೇಳಿದರೆ ಅಕ್ಕ, "ಅಯ್ಯೋ, ಇದಾ? ಇದು ಯಾವ ಕಾಲದ್ದು ರೀ!" ಎನ್ನುತ್ತಾಳೆ. ಅಂಗಡಿಯ ಚೀಟಿ ಇನ್ನೂ ಅದರ ತುದಿಯಲ್ಲಿ ನೇತಾಡುತ್ತಿರುತ್ತದೆ. ಭಾವ ತಲೆಯಾಡಿಸಿ ಪೇಪರು ಎತ್ತಿಕೊಳ್ಳುತ್ತಾರೆ.

ಕೌದಿಗೆ ಮೂರು ಪದರ. ಮೇಲೆ ತೇಪೆಗಳನ್ನು ಕೂಡಿಸಿದ ಬಟ್ಟೆ, ನಡುವೆ ಹತ್ತಿ, ಕೆಳಗೆ ಅಸ್ತರು. ಮೂರನ್ನೂ ಒಟ್ಟಿಗೆ ಹಿಡಿದು ಸಾಲು ಸಾಲಾಗಿ ಹೊಲಿಗೆ ಹಾಕಿ, ಸುತ್ತಲೂ ಅಂಚು ಕಟ್ಟಿದರೆ ಮುಗಿಯಿತು. ಅಕ್ಕನಿಗೆ ಮೇಲಿನ ಪದರದ ತನಕ ಎಲ್ಲಿಲ್ಲದ ಉತ್ಸಾಹ. ಆಮೇಲೆ ಬೆನ್ನುನೋವು ಬರುತ್ತದೆ. ಹೊಸ ಬಟ್ಟೆ ಕಂಡರೆ ಬೆನ್ನುನೋವು ಹೋಗುತ್ತದೆ. ಹೀಗಾಗಿ ನನ್ನ ಕೋಣೆಯ ಕಪಾಟಿನಲ್ಲಿ ಹತ್ತಿ ಕಾಣದ ಮೇಲ್ಪದರಗಳು ಮಡಿಕೆಯ ಮೇಲೆ ಮಡಿಕೆ ಬಿದ್ದಿವೆ. ಎದುರುಮನೆಯ ಹುಡುಗ ಹುಟ್ಟಿದಾಗ ಅವನಿಗೆಂದು ಶುರುಮಾಡಿದ ಆನೆಮರಿಯ ಕೌದಿ ಅದರಲ್ಲೇ ಇದೆ. ಅವನು ಈಗ ಗಡ್ಡ ಬೋಳಿಸುತ್ತಾನೆ. ದಾರಿಯಲ್ಲಿ ಸಿಕ್ಕರೆ ಅಕ್ಕ ನಾಚಿಕೆಯಿಲ್ಲದೆ, "ಆಗ್ತಾ ಬಂತು ಕಣಪ್ಪಾ," ಎನ್ನುತ್ತಾಳೆ. ಅವನು ಒಳ್ಳೆಯ ಹುಡುಗ, ನಗುತ್ತಾನೆ.

ಇದಕ್ಕೆಲ್ಲ ತುಪ್ಪ ಸುರಿಯುವುದಕ್ಕೆ ಕೌದಿ ಬಳಗ. ಶನಿವಾರ ಮಧ್ಯಾಹ್ನ ಗ್ರಂಥಾಲಯದ ಮಹಡಿಯಲ್ಲಿ ಸೇರುತ್ತಾರೆ. ಅಧ್ಯಕ್ಷೆ ಒಬ್ಬ ನಿವೃತ್ತ ಗಣಿತದ ಮೇಡಂ, ಕೊರಳಲ್ಲಿ ಸರದ ಬದಲು ಅಳತೆಪಟ್ಟಿ. ಬಳಗದ ಧರ್ಮ ಒಂದೇ: ಮೂಲೆ ಕೂಡಬೇಕು. ನಾಲ್ಕು ತೇಪೆಗಳ ಮೂಲೆಗಳು ಒಂದೇ ಚುಕ್ಕಿಯಲ್ಲಿ ಸೇರಬೇಕು, ಕೂದಲೆಳೆಯಷ್ಟೂ ಆಚೀಚೆ ಆಗಬಾರದು. ಗಂಡನ ಜೊತೆ ಮಾತು ಬಿಟ್ಟವರು, ಅತ್ತಿಗೆಯ ಮುಖ ನೋಡದವರು ಎಲ್ಲ ಅಲ್ಲಿದ್ದಾರೆ. ಅದನ್ನು ಯಾರೂ ಕೇಳುವುದಿಲ್ಲ. ಮೂಲೆ ಕೂಡದಿದ್ದರೆ ಮಾತ್ರ ಮುಗಿಯಿತು.

ಬೈಯುವುದಿಲ್ಲ, ಅಷ್ಟು ಸಭ್ಯರು. "ತುಂಬಾ ಧೈರ್ಯವಾದ ಬಣ್ಣ!" ಎಂದರೆ ಕಣ್ಣಿಗೆ ಚುಚ್ಚುತ್ತಿದೆ ಎಂದು ಅರ್ಥ. "ಎಷ್ಟು ಖುಷಿಯಾಗಿ ಮಾಡಿದೀರಿ!" ಎಂದರೆ ಒಂದು ಮೂಲೆಯೂ ಕೂಡಿಲ್ಲ. ಅಕ್ಕ ಎಷ್ಟೋ ಶನಿವಾರ ಖುಷಿಯಾಗಿ ಮಾಡಿ, ಮನೆಗೆ ಬಂದು ಗೋಡೆ ನೋಡಿಕೊಂಡು ಕೂತಿದ್ದಾಳೆ. ನಾನು ಸುಮ್ಮನಿರುವವಳೇ? "ಹೊದ್ಕೊಂಡು ಮಲಗೋವಾಗ ಮೂಲೆ ಯಾರಿಗೆ ಕಾಣುತ್ತೆ?" ಎಂದೆ. "ಹೊದ್ಕೊಳ್ಳೋದಾ? ಕೌದೀನ?" ಎಂದು ಅವಳು ನನ್ನನ್ನು ಕಾಡುಮನುಷ್ಯರನ್ನು ನೋಡುವಂತೆ ನೋಡಿದಳು. ಬಳಗದಲ್ಲಿ ಕೌದಿಯನ್ನು ಯಾರೂ ಹೊದೆಯುವುದಿಲ್ಲವಂತೆ. ಗೋಡೆಗೆ ತೂಗುಹಾಕುತ್ತಾರೆ.

ಇಂಥ ಹೊತ್ತಿನಲ್ಲಿ ಅಕ್ಕನ ಮಗಳು ಬಸುರಿಯಾದಳು. ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಗಟ್ಟಿ ಹುಡುಗಿ ಅವಳು. ಹಿಂದಿನ ಸಲ ತೊಟ್ಟಿಲು, ಟೋಪಿ, ಕಾಲುಚೀಲ ಎಂದು ಮನೆ ತುಂಬಿಸಿಕೊಂಡಿದ್ದಳು. ಆರನೇ ತಿಂಗಳಲ್ಲಿ ಮಗು ಹೋಯಿತು. ಆ ಸಾಮಾನನ್ನೆಲ್ಲ ಕಟ್ಟಿ ಕೊಟ್ಟುಬಂದವಳು ನಾನೇ, ಅದರ ಸಂಕಟ ನನಗೆ ಗೊತ್ತು. ಈ ಸಲ ಅವಳು ಒಂದು ಎಳೆಯನ್ನೂ ಕೊಳ್ಳಲಿಲ್ಲ. ಒಂದು ಭಾನುವಾರ ಬಂದು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು, "ಅಮ್ಮಾ, ನಾನೇನೂ ತಗೊಳ್ಳಲ್ಲ. ನೀನು ಒಂದು ಕೌದಿ ಹೊಲಿದುಕೊಡು. ಮಗು ಬಂದ್ರೆ ಅದರಲ್ಲೇ ಸುತ್ತಿಕೊಂಡು ಮನೆಗೆ ಕರ್ಕೊಂಡು ಬರ್ತೀನಿ," ಎಂದಳು. ಆಮೇಲೆ ಮೆಲ್ಲಗೆ, "ಮುಗಿಸ್ತೀಯಾ?" ಎಂದು ಕೇಳಿದಳು.

ಅಕ್ಕನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. "ಮುಗಿಸ್ತೀನಿ ಪುಟ್ಟಿ," ಎಂದಳು. ನನಗೆ ನಂಬಿಕೆ ಬರಲಿಲ್ಲ. ಭಾವನಿಗೂ ಬರಲಿಲ್ಲ, ಅವರು ಕುರ್ಚಿಯನ್ನು ಎರಡು ಸಲ ಸವರಿ ಕೂತರು.

ಆದರೆ ನೋಡಿ, ಮುಗಿಸಿದಳು! ಆ ಎರಡು ತಿಂಗಳು ಅಕ್ಕನಿಗೆ ಬೆನ್ನುನೋವು ಬರಲಿಲ್ಲ, ಹೊಸ ಬಟ್ಟೆಯ ಅಂಗಡಿಯ ಬೀದಿಗೂ ಕಾಲಿಡಲಿಲ್ಲ. ಹಳದಿ, ಬಿಳಿ, ತಿಳಿ ಹಸಿರು, ನಡುವೆ ಒಂದು ದೊಡ್ಡ ನಕ್ಷತ್ರ. ತೋಳಗಲದ ಮುದ್ದಾದ ಕೌದಿ. ಬೆರಳ ತುದಿಗೆ ಸೂಜಿ ಚುಚ್ಚಿ ಚುಚ್ಚಿ ಚರ್ಮ ದಪ್ಪಗಾಗಿತ್ತು. ಕೊನೆಯ ಗಂಟು ಹಾಕಿ ದಾರ ಕಡಿದಾಗ ಅವಳ ಕಣ್ಣು ಒದ್ದೆಯಾಯಿತು, ಸುಳ್ಳು ಯಾಕೆ ಹೇಳಲಿ, ನನ್ನದೂ ಆಯಿತು. ಅಲ್ಲಿಗೆ ಎಲ್ಲ ಸರಿಯಾಗಿತ್ತು. ಅದನ್ನು ಶನಿವಾರ ಬಳಗಕ್ಕೆ ತೋರಿಸುವ ಅಗತ್ಯ ಯಾರಿಗಿತ್ತು?

ಗಣಿತದ ಮೇಡಂ ಭೂತಗನ್ನಡಿ ಹಿಡಿದು ನಕ್ಷತ್ರದ ಸುತ್ತ ಒಂದು ಪ್ರದಕ್ಷಿಣೆ ಹಾಕಿದರಂತೆ. ಮೂಲೆಗಳೆಲ್ಲ ಕೂಡಿದ್ದವು! ಇಡೀ ಬಳಗ ಎದ್ದು ನಿಂತಿತಂತೆ. "ಇದು ಪ್ರದರ್ಶನಕ್ಕೆ ಬರ್ಲೇಬೇಕು. ಆದ್ರೆ ಇಷ್ಟು ಚಿಕ್ಕದಕ್ಕೆ ನಮ್ಮಲ್ಲಿ ವಿಭಾಗ ಇಲ್ಲ. ಸುತ್ತ ಒಂದೆರಡು ಪಟ್ಟಿ ಸೇರಿಸಿ," ಎಂದರು ಮೇಡಂ. ಅಕ್ಕ ಉಬ್ಬಿಹೋದಳು. ಮನೆಗೆ ಬಂದವಳೇ ಕಟ್ಟಿದ ಅಂಚು ಬಿಚ್ಚಿದಳು.

"ಮಗೂಗೆ ಹೊಲಿದಿದ್ದು ಅದು," ಎಂದೆ.

"ಮಗು ಬರೋಕೆ ಇನ್ನೂ ಟೈಮಿದೆ. ಪ್ರದರ್ಶನ ಮುಗಿದ ತಕ್ಷಣ ಕೊಟ್ಟರಾಯ್ತು. ಬಹುಮಾನ ಬಂದ ಕೌದಿ ಅಂದ್ರೆ ಪುಟ್ಟಿಗೂ ಹೆಮ್ಮೆ ತಾನೇ?"

ಒಂದು ಪಟ್ಟಿ ಎರಡಾಯಿತು, ಎರಡು ಮೂರಾಯಿತು. ತೋಳಗಲದ ಕೌದಿ ಜೋಡಿ ಮಂಚದಷ್ಟಾಯಿತು. ಅದರೊಳಗೆ ಮಗುವನ್ನು ಸುತ್ತಿದರೆ ಆಮೇಲೆ ಹುಡುಕಬೇಕಾಗುತ್ತಿತ್ತು. ಕೌದಿಯನ್ನು ಬಳಗಕ್ಕೆ ಒಪ್ಪಿಸಿ ಒಂದು ವಾರ ಕಳೆಯುವುದರೊಳಗೆ, ಹೇಳಿದ ದಿನಕ್ಕಿಂತ ಮುಂಚೆಯೇ ಮಗು ಹುಟ್ಟಿತು. ಹೆಣ್ಣು, ಪುಟ್ಟದು, ಗುಬ್ಬಿಯ ಹಾಗೆ, ಆದರೆ ಆರೋಗ್ಯವಾಗಿತ್ತು. ಮಗಳು ಆಸ್ಪತ್ರೆಯ ಹಾಸಿಗೆಯಿಂದ ಕೇಳಿದ ಮೊದಲ ಮಾತು, "ಅಮ್ಮಾ, ಕೌದಿ ತಂದ್ಯಾ?"

"ಪ್ರದರ್ಶನ ಮುಗಿಲಿ ಪುಟ್ಟಿ, ಒಂದೇ ತಿಂಗಳು," ಎಂದಳು ಅಕ್ಕ. ಮಗು ಆಸ್ಪತ್ರೆಯ ಟವೆಲಿನಲ್ಲೇ ಮನೆಗೆ ಹೋಯಿತು. ನಾನು ಅಕ್ಕನ ಜೊತೆ ಮಾತು ಬಿಟ್ಟೆ. ಅವಳಿಗೆ ಅದು ಗೊತ್ತಾಯಿತೋ ಇಲ್ಲವೋ, ಕೌದಿಯನ್ನು ತೂಗುಹಾಕಲು ಅದರ ಬೆನ್ನಿಗೆ ಹೊಲಿಯುವ, ಕೋಲು ತೂರಿಸುವ ಬಟ್ಟೆಯ ಕೊಳವೆ ಹೇಗಿರಬೇಕೆಂದು ಫೋನಿನಲ್ಲಿ ಚರ್ಚೆ ನಡೆಸುತ್ತಿದ್ದಳು.

ಪ್ರದರ್ಶನದ ಮೊದಲ ದಿನವೇ ಅಕ್ಕನಿಗೆ ಮೊದಲ ಬಹುಮಾನ ಬಂತು. ಎರಡನೆಯದು ಮೇಡಂಗೇ. ಅವರು ಅಕ್ಕನನ್ನು ಅಪ್ಪಿಕೊಂಡು, "ತುಂಬಾ ಖುಷಿಯಾಗಿ ಮಾಡಿದೀರಿ," ಎಂದರು. ಅಕ್ಕ ಅರ್ಥ ಹುಡುಕುವ ಸ್ಥಿತಿಯಲ್ಲಿರಲಿಲ್ಲ. ಮೊದಲ ಬಹುಮಾನದ ಕೌದಿ ದೊಡ್ಡ ಪ್ರದರ್ಶನಕ್ಕೆ ಹೋಗುತ್ತದಂತೆ, ಊರೂರು ಸುತ್ತಿ ಬರುವುದಕ್ಕೆ ಹತ್ತಿರ ಹತ್ತಿರ ಒಂದು ವರ್ಷ. ಅಕ್ಕ ಒಪ್ಪಿಕೊಂಡು ಬಂದಿದ್ದಳು.

ನನ್ನ ಮೌನವ್ರತ ಅಲ್ಲಿಗೆ ಮುರಿಯಿತು. "ವರ್ಷಾನಾ? ನಿನಗೇನು ಬುದ್ಧಿ ಕೆಟ್ಟಿದೆಯಾ?"

"ವರ್ಷದಲ್ಲಿ ಮಗು ಎಲ್ಲಿಗೆ ಓಡಿಹೋಗುತ್ತೆ?"

"ಓಡುತ್ತೆ ಅಕ್ಕಾ! ವರ್ಷಕ್ಕೆ ಮಕ್ಕಳು ಓಡುತ್ತವೆ!" ಎಂದು ಕೂಗಿದೆ. ಭಾವ ಪೇಪರು ಕೆಳಗಿಟ್ಟರು. ನಾನು ಆ ಮನೆಗೆ ಬಂದ ಮೇಲೆ ಅದೇ ಮೊದಲು. "ಪುಟ್ಟಿಗೆ ಹೇಳಿದ್ಯಾ?" ಎಂದು ಕೇಳಿದರು. ಹೇಳಿರಲಿಲ್ಲ. "ನಾಳೆ ಅಲ್ಲಿಗೇ ಬರ್ತಾಳಲ್ಲ, ಹೇಳ್ತೀನಿ," ಎಂದು ಅಕ್ಕ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನನ್ನ ಕೋಣೆಯ ಬಾಗಿಲು.

ಮರುದಿನ ಅಕ್ಕನದೇ ಕಾವಲು ಪಾಳಿ, ನಾನೂ ಜೊತೆಗೆ ಹೋಗಿದ್ದೆ. ಕೌದಿಗಳನ್ನು ಜನ ಮುಟ್ಟದಂತೆ ಬಳಗದವರು ಬಿಳಿ ಕೈಗವಸು ಹಾಕಿಕೊಂಡು ನಿಲ್ಲುತ್ತಾರೆ. ಹಿಂಬದಿಯ ಹೊಲಿಗೆ ನೋಡಬೇಕೆಂದರೆ ಅವರೇ ಎರಡು ಬೆರಳಲ್ಲಿ ತುದಿ ಹಿಡಿದು ತಿರುಗಿಸಿ ತೋರಿಸುತ್ತಾರೆ. ಸಭಾಂಗಣದಲ್ಲಿ ಹಲ್ಲು ಕಟಕಟಿಸುವಷ್ಟು ಎಸಿ, ಬಟ್ಟೆಗೆ ಒಳ್ಳೆಯದಂತೆ. ಅಕ್ಕ ಬೆಳಗಿನಿಂದ ಎಡಕ್ಕೊಮ್ಮೆ ಬಲಕ್ಕೊಮ್ಮೆ "ಮುಟ್ಟಬೇಡಿ, ದಯವಿಟ್ಟು ಮುಟ್ಟಬೇಡಿ" ಎನ್ನುತ್ತಲೇ ಇದ್ದಳು.

ಮಗಳು ಬಂದಳು. ಅಳಿಯ ಕಾರು ನಿಲ್ಲಿಸಲು ಹೋಗಿದ್ದ, ಮಗು ಅವಳ ಹೆಗಲ ಮೇಲಿತ್ತು. ಅಕ್ಕ ಆ ಕಡೆ ತಿರುಗಿ ಯಾರಿಗೋ ಏನೋ ವಿವರಿಸುತ್ತಿದ್ದಳು. ಮಗಳು ಕೌದಿಯ ಮುಂದೆ ನಿಂತು ನಕ್ಷತ್ರವನ್ನು ತುಂಬಾ ಹೊತ್ತು ನೋಡಿದಳು. ಮಗು ಸೀನಿತು. ಅವಳು ನಗುತ್ತಾ ಕೌದಿಯ ತುದಿ ಎತ್ತಿ ಮಗುವಿನ ಕೆನ್ನೆಗೆ ತಾಗಿಸಿದಳು.

ಬಿಳಿ ಕೈಗವಸಿನ ಕೈಯೊಂದು ಬಂದು ಆ ತುದಿಯನ್ನು ಕಿತ್ತುಕೊಂಡಿತು. "ಮುಟ್ಟಬಾರದು ರೀ! ಬೋರ್ಡು ಓದೋಕೆ ಬರಲ್ವಾ?"

"ಅಮ್ಮಾ, ನಾನು," ಎಂದಳು ಮಗಳು.

ಅಕ್ಕ ನೋಡಿದಳು. ಮಗಳನ್ನು ನೋಡಿದಳು, ಮಗುವನ್ನು ನೋಡಿದಳು. ಆದರೂ ತುದಿ ಬಿಡಲಿಲ್ಲ. "ಗೊತ್ತಾಯ್ತು ಪುಟ್ಟಿ. ಆದ್ರೂ... ಎಲ್ಲರೂ ನೋಡ್ತಿದಾರೆ. ಇದು ದೊಡ್ಡ ಪ್ರದರ್ಶನಕ್ಕೆ ಹೋಗಬೇಕು, ಒಂದು ವರ್ಷ..." ಎಂದಳು.

ಮಗಳು ಕೂಗಾಡಿದ್ದರೆ ಚೆನ್ನಾಗಿರುತ್ತಿತ್ತು. ನಾನಾಗಿದ್ದರೆ ಛಾವಣಿ ಹಾರಿಸುತ್ತಿದ್ದೆ. ಅವಳು ದುಪಟ್ಟಾ ತೆಗೆದು ಮಗುವಿಗೆ ಸುತ್ತಿದಳು. "ಸರಿ ಅಮ್ಮಾ. ಇವಳು ಹೊಟ್ಟೇಲಿದ್ದಾಗ ಭಯ ಆದಾಗೆಲ್ಲ ನೀನು ಹೊಲೀತಿದೀಯ ಅಂತ ನೆನೆಸ್ಕೊಳ್ತಿದ್ದೆ. ಅಷ್ಟೇ ಸಾಕು ಬಿಡು," ಎಂದು ಬಾಗಿಲ ಕಡೆ ತಿರುಗಿದಳು.

ಅಕ್ಕ ನಿಂತೇ ಇದ್ದಳು. ಆಮೇಲೆ ಹಲ್ಲಿನಿಂದ ಕಚ್ಚಿ ಒಂದು ಕೈಗವಸು ಎಳೆದಳು, ಇನ್ನೊಂದನ್ನು ತೆಗೆಯುವ ವ್ಯವಧಾನವೂ ಇಲ್ಲದೆ ಕೌದಿಯನ್ನು ಬಾಚಿ ಹಿಡಿದು ಎಳೆದೇಬಿಟ್ಟಳು. ಕೋಲು ಢಣಾರೆಂದು ನೆಲಕ್ಕೆ ಬಿತ್ತು. ಗಣಿತದ ಮೇಡಂ ಓಡಿಬಂದರು.

"ಏನ್ರೀ ಇದು! ಮುಗಿಯೋ ಮುಂಚೆ ಇಳಿಸಿದ್ರೆ ಬಹುಮಾನ ರದ್ದಾಗುತ್ತೆ, ನಿಯಮ!"

"ರದ್ದು ಮಾಡ್ಕೊಳ್ಳಿ," ಎಂದಳು ಅಕ್ಕ. "ನೀವೇ ತಗೊಳ್ಳಿ. ನನ್ನ ಮೊಮ್ಮಗಳಿಗೆ ಚಳಿಯಾಗ್ತಿದೆ."

ಮೇಡಂ ಮುಖದಲ್ಲಿ ಆಘಾತವಿತ್ತು, ನಿಜ. ಅದರ ಹಿಂದೆಯೇ ಇನ್ನೊಂದು ಭಾವವೂ ಹಣಕಿದ್ದನ್ನು ನಾನು ನೋಡಿದೆ. ಅಕ್ಕ ಅಷ್ಟು ಹೊತ್ತಿಗೆ ಮೆಟ್ಟಿಲ ಹತ್ತಿರ ಮಗಳನ್ನು ಹಿಡಿದು ಮಗುವಿನ ಸುತ್ತ ಆ ಜೋಡಿ ಮಂಚದ ಕೌದಿಯನ್ನು ಸುತ್ತುತ್ತಿದ್ದಳು. ಎಷ್ಟು ಸುತ್ತಿದರೂ ಉಳಿಯುತ್ತಿತ್ತು. ಮಗಳು ಬೇಡ ಎನ್ನಲಿಲ್ಲ. ನಗಲೂ ಇಲ್ಲ.

ಮಗಳು ಹೊರಗೆ ಬಂದು ಕಾರಿನ ಕಡೆ ನಡೆದಳು. ಉಳಿದ ಕೌದಿ ಅವಳ ಹಿಂದೆ ಇಳಿಬಿದ್ದಿತ್ತು. ರಸ್ತೆಯಲ್ಲಿ ಯಾರೋ ನೀರು ಚೆಲ್ಲಿ ಕೆಸರಾಗಿತ್ತು. ಅಕ್ಕ ಬಗ್ಗಿಕೊಂಡು, ಕೌದಿಯ ತುದಿಯನ್ನು ಎರಡು ಕೈಯಲ್ಲಿ ಎತ್ತಿ ಹಿಡಿದು, ಪುಟ್ಟ ಪುಟ್ಟ ಹೆಜ್ಜೆ ಹಾಕುತ್ತಾ ಹಿಂಬಾಲಿಸಿದಳು. ಮಗಳು ನಿಂತು ತಿರುಗಿ ನೋಡಿದಳು.

"ಬಿಡಮ್ಮಾ," ಎಂದಳು. "ಕೆಸರಾದ್ರೆ ಆಗ್ಲಿ. ಬಂದು ಮಗೂನ ಎತ್ಕೋ, ನನಗೆ ತೋಳು ನೋಯ್ತಿದೆ."

ಅಕ್ಕ ಒಮ್ಮೆ ಕೆಸರನ್ನು ನೋಡಿದಳು. ಆಮೇಲೆ ಕೌದಿಯ ತುದಿ ಬಿಟ್ಟಳು.